‘ಓಲ್ಡ್ ರೆಕ್ಟರಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಚರ್ಚಿನ ಪಾದ್ರಿಗಳು ವಾಸವಾಗಿದ್ದು, ಈಗ ಖಾಸಗಿ ಕುಟುಂಬಗಳ ಕೈಸೇರಿರುವ ಮನೆಗಳ ಕುರಿತು ಮಾಸಪತ್ರಿಕೆಯೊಂದಕ್ಕೆ ಲೇಖನ ಸಿದ್ಧಪಡಿಸುತ್ತಿದ್ದೇನೆ. ಇಂತಹ ಮನೆಗಳ ಗೇಟಿನಲ್ಲಿ ‘ದಿ ಓಲ್ಡ್ ರೆಕ್ಟರಿ’ ಅಥವಾ ‘ದಿ ಓಲ್ಡ್ ವಿಕರೇಜ್’ ಎಂಬ ಫಲಕವಿರುತ್ತದೆ. ಮನೆ ಮಾರಾಟದ ಜಾಹೀರಾತುಗಳಲ್ಲಿ ಆ ಹೆಸರಿಗೇ ಒಂದು ಬೆಲೆಯಿದೆ. ಈ ಪದಗಳನ್ನು ಕನ್ನಡಕ್ಕೆ ತರುವಲ್ಲಿ ನನ್ನ ಬರವಣಿಗೆ ನಿಂತುಹೋಗಿದೆಯಾದ್ದರಿಂದ ಬಳಗದ ಮುಂದೆ ಇಡುತ್ತಿದ್ದೇನೆ.

ಮೊದಲ ತೊಡಕು ‘ಓಲ್ಡ್’ ಎಂಬ ವಿಶೇಷಣದ್ದು. ಇಲ್ಲಿ ಅದು ಮನೆಯ ವಯಸ್ಸನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ, ಹಿಂದೆ ಇದು ರೆಕ್ಟರಿಯಾಗಿತ್ತು ಎಂಬುದನ್ನು ಹೇಳುತ್ತದೆ. ‘ಹಳೆಯ ಪಾದ್ರಿ ಮನೆ’ ಎಂದು ಬರೆದರೆ ಓದುಗರು ಹಿಂದಿನ ಪಾದ್ರಿಯೊಬ್ಬರ ಮನೆಯೆಂದೋ ಶಿಥಿಲಗೊಂಡ ಮನೆಯೆಂದೋ ತಿಳಿದಾರು. ‘ಮಾಜಿ’ ಎಂಬುದು ಮಂತ್ರಿಗಳಿಗೂ ಸೈನಿಕರಿಗೂ ಸಲ್ಲುತ್ತದೆಯೇ ಹೊರತು ಮನೆಗೆ ಸಲ್ಲದು. ಆದರೆ ನಮ್ಮ ಊರುಗಳಲ್ಲಿ ‘ಹಳೇ ತಾಲ್ಲೂಕು ಕಚೇರಿ’ ಎನ್ನುತ್ತೇವಲ್ಲ, ಅಲ್ಲಿ ಕಚೇರಿ ಬೇರೆಡೆಗೆ ಹೋಗಿ ಎಷ್ಟೋ ವರ್ಷಗಳಾದರೂ ಕಟ್ಟಡಕ್ಕೆ ಆ ಹೆಸರು ಅಂಟಿಕೊಂಡಿರುತ್ತದೆ. ‘ಹಳೆಯ’ ಎಂಬ ರೂಪ ಕೊಡದ ಈ ಅರ್ಥವನ್ನು ‘ಹಳೇ’ ಎಂಬ ಆಡುಮಾತಿನ ರೂಪ ಕೊಡುತ್ತದೆ ಎಂದು ನನಗೆ ತೋರುತ್ತದೆ. ಬಳಗದವರು ಇದನ್ನು ಒಪ್ಪುತ್ತೀರಾ?

ಎರಡನೆಯದು ‘ರೆಕ್ಟರ್’ ಮತ್ತು ‘ವಿಕರ್’ ಇವರ ನಡುವಿನ ಭೇದ. ಹಳ್ಳಿಯ ಉತ್ಪತ್ತಿಯ ಹತ್ತರಲ್ಲಿ ಒಂದು ಪಾಲು, ಕನ್ನಡ ಬೈಬಲ್ಲಿನ ಮಾತಿನಲ್ಲಿ ‘ದಶಮಾಂಶ’, ಚರ್ಚಿಗೆ ಸಲ್ಲುತ್ತಿತ್ತು. ಧಾನ್ಯ, ಹುಲ್ಲು, ಮರಗಳಿಂದ ಬರುವ ದೊಡ್ಡ ಪಾಲೂ ಸೇರಿ ಎಲ್ಲವನ್ನೂ ಪಡೆಯುತ್ತಿದ್ದವನು ರೆಕ್ಟರ್. ಆ ದೊಡ್ಡ ಪಾಲು ಸನ್ಯಾಸಿಗಳ ಮಠಕ್ಕೋ, ಮಠಗಳನ್ನು ಮುಚ್ಚಿಸಿದ ಮೇಲೆ ಜಮೀನುದಾರನಿಗೋ ಸೇರಿದ್ದ ಕಡೆ, ಕುರಿಮರಿ, ಉಣ್ಣೆ, ಹಣ್ಣುಹಂಪಲುಗಳ ಸಣ್ಣ ಪಾಲಿನಲ್ಲೇ ಬದುಕುತ್ತಿದ್ದವನು ವಿಕರ್. ಆ ಪದದ ಲ್ಯಾಟಿನ್ ಮೂಲಕ್ಕೆ ‘ಬದಲಿಯಾಗಿ ನಿಂತವನು’ ಎಂದೇ ಅರ್ಥ. ರೆಕ್ಟರಿಗಳು ವಿಕರೇಜುಗಳಿಗಿಂತ ಸಾಮಾನ್ಯವಾಗಿ ವಿಶಾಲವಾಗಿರುವುದಕ್ಕೆ ಇದೂ ಒಂದು ಕಾರಣ. 1836ರ ಕಾಯಿದೆ ಧಾನ್ಯದ ಪಾಲನ್ನು ಹಣದ ಪಾವತಿಯಾಗಿ ಬದಲಿಸಿತು. ಲೇಖನದಲ್ಲಿ ಈ ಭೇದವನ್ನು ಒಂದು ವಾಕ್ಯದಲ್ಲಿ ವಿವರಿಸಿ, ಎರಡಕ್ಕೂ ಒಂದೇ ಕನ್ನಡ ಪದವನ್ನು ಬಳಸಬಹುದೆಂದುಕೊಂಡಿದ್ದೇನೆ. ಪಾದ್ರಿಯ ಜೀವನಕ್ಕೆ ಬಿಟ್ಟ ಜಮೀನಿಗೆ ಮಾತ್ರ ‘ಉಂಬಳಿ’ ಎಂಬ ಪದ ನಮ್ಮಲ್ಲಿ ಸಿದ್ಧವಾಗಿಯೇ ಇದೆ.

ನಿಜವಾದ ಕಷ್ಟ ಇರುವುದು ‘ಮನೆ’ ಎಂಬಲ್ಲಿ. ನಾವು ‘ಜೋಯಿಸರ ಮನೆ’, ‘ಶಾನುಭೋಗರ ಮನೆ’ ಎನ್ನುವಾಗ ಆ ಮನೆ ವಂಶಕ್ಕೆ ಸೇರಿದ್ದು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆ ರದ್ದುಮಾಡಿದ ಮೇಲೂ ಶಾನುಭೋಗರ ಮನೆಯಲ್ಲಿ ಅವರ ಮೊಮ್ಮಕ್ಕಳೇ ಇದ್ದಾರೆ. ರೆಕ್ಟರಿ ಹಾಗಲ್ಲ, ಅದು ಹುದ್ದೆಗೆ ಸೇರಿದ ಮನೆ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1775ರಲ್ಲಿ ಹುಟ್ಟಿ ಬೆಳೆದ ಸ್ಟೀವನ್‌ಟನ್ ರೆಕ್ಟರಿಯನ್ನು, ತಂದೆ ನಿವೃತ್ತರಾದಾಗ, 1801ರಲ್ಲಿ ಆ ಊರಿನ ಪಾದ್ರಿಯ ಕೆಲಸ ವಹಿಸಿಕೊಂಡ ಅಣ್ಣನ ಸಂಸಾರಕ್ಕೆ ಬಿಟ್ಟುಕೊಟ್ಟು ಬಾತ್ ನಗರಕ್ಕೆ ಹೋಗಬೇಕಾಯಿತು. ಹಾವರ್ತ್‌ನಲ್ಲಿ ಲೇಖಕಿ ಸಹೋದರಿಯರ ಬ್ರಾಂಟಿ ಕುಟುಂಬ 1820ರಿಂದ ಇದ್ದ ಪಾದ್ರಿ ಮನೆಯ ಕಥೆ ಇನ್ನೂ ಮನಕಲಕುವಂಥದ್ದು. ಆರು ಮಕ್ಕಳನ್ನೂ ಕಳೆದುಕೊಂಡ ತಂದೆ 1861ರಲ್ಲಿ ತೀರಿಕೊಂಡಾಗ, ಕೊನೆಯವರೆಗೂ ಜೊತೆಗಿದ್ದ ಅಳಿಯನಿಗೆ ಆ ಹುದ್ದೆ ಸಿಗದೆ, ಮನೆಯ ಸಾಮಾನುಗಳು ಹರಾಜಾಗಿ, ಅವರು ಐರ್ಲೆಂಡಿಗೆ ಮರಳಿದರು. ಹೀಗೆ ತಲೆಮಾರುಗಳ ಕಾಲ ಯಾರ ಸ್ವಂತದ್ದೂ ಆಗದಿದ್ದ ಮನೆಗಳು, ಇಪ್ಪತ್ತನೆಯ ಶತಮಾನದಲ್ಲಿ ನಿರ್ವಹಣೆಯ ಖರ್ಚು ತಾಳಲಾರದೆ ಚರ್ಚು ಅವುಗಳನ್ನು ಮಾರಿ ಪಾದ್ರಿಗಳನ್ನು ಸಣ್ಣ ಹೊಸ ಮನೆಗಳಿಗೆ ಸ್ಥಳಾಂತರಿಸಿದಾಗ, ಮೊದಲ ಬಾರಿಗೆ ಸ್ವಂತ ಮನೆಗಳಾದವು.

ಅವು ಕುಟುಂಬಗಳಿಗೆ ಅಷ್ಟೊಂದು ಪ್ರಿಯವಾಗಲು ಕಾರಣವೂ ಈ ಹಿನ್ನೆಲೆಯಲ್ಲಿದೆ ಎಂದು ನಾನು ನಂಬುತ್ತೇನೆ. ಮನೆ ಕಟ್ಟಲು ಪಾದ್ರಿಗಳು ಸಾಲ ಪಡೆಯಲು 1776ರ ಕಾಯಿದೆ ಅವಕಾಶ ಕೊಟ್ಟಿತು. ಅವರು ತಮ್ಮ ಊರಿನಲ್ಲೇ ವಾಸಿಸಬೇಕೆಂದು 1838ರ ಕಾಯಿದೆ ಬಿಗಿಮಾಡಿತು. ಹಾಗಾಗಿ ಆ ಕಾಲದಲ್ಲಿ ಎದ್ದ ಮನೆಗಳು ಜಹಗೀರುದಾರನ ಬಂಗಲೆಯಷ್ಟು ದೊಡ್ಡವೂ ರೈತನ ಮನೆಯಷ್ಟು ಚಿಕ್ಕವೂ ಆಗದೆ, ತುಂಬು ಸಂಸಾರವೊಂದು ಬಾಳುವ ಅಳತೆಯಲ್ಲಿವೆ. ಎತ್ತರದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಬರುತ್ತದೆ, ಹಿಂದೆ ಗೋಡೆ ಸುತ್ತಿದ ತೋಟವಿರುತ್ತದೆ, ಪಕ್ಕದಲ್ಲೇ ಚರ್ಚಿನ ಗೋಪುರ. ಊರಿನವರು ಒಳಮನೆಗೆ ತೊಂದರೆಯಾಗದಂತೆ ಬಂದು ಕಾಣಲೆಂದು ಎಷ್ಟೋ ಕಡೆ ಓದುವ ಕೋಣೆಯನ್ನು ಮುಂಬಾಗಿಲಿನ ಬಳಿಯೇ ಇಟ್ಟಿರುತ್ತಾರೆ. ನಮ್ಮ ಜಗಲಿಯನ್ನು ನೆನಪಿಸುವ ಈ ಏರ್ಪಾಡು ನನಗೆ ಬಹಳ ಹಿಡಿಸಿದೆ. ಸಾಲ್ಸ್‌ಬರಿಯ ಬಳಿಯ ಬೆಮರ್ಟನ್‌ನಲ್ಲಿ ಕವಿ ಜಾರ್ಜ್ ಹರ್ಬರ್ಟ್ 1630ರಿಂದ 1633ರಲ್ಲಿ ಸಾಯುವವರೆಗೆ ಪಾದ್ರಿಯಾಗಿದ್ದ ಮನೆಯನ್ನು ನಮ್ಮ ದೇಶದ ಲೇಖಕ ವಿಕ್ರಮ್ ಸೇಠ್ 1996ರಲ್ಲಿ ಕೊಂಡರು. ಅಂತಹ ಮನೆಯನ್ನು ಹೆಸರಿಸುವ ಕನ್ನಡ ಪದದಲ್ಲಿ ಹುದ್ದೆಯೂ ಸಂಸಾರವೂ ಎರಡೂ ಕಾಣಬೇಕು.

‘ಧರ್ಮಗುರುಗಳ ನಿವಾಸ’ ಎಂದರೆ ಗೌರವ ಉಳಿಯುತ್ತದೆ, ಆದರೆ ಅಲ್ಲಿ ಮಕ್ಕಳ ಸದ್ದು ಕೇಳಿಸುವುದಿಲ್ಲ. ಕ್ಯಾಥೊಲಿಕ್ ಗುರುಗಳು ಬ್ರಹ್ಮಚಾರಿಗಳಾದ್ದರಿಂದ ಆ ಮಾತಿಗೆ ಬೇರೆಯದೇ ಚಿತ್ರ ಮೂಡುತ್ತದೆ. ಮಂಗಳೂರಿನ ಕೊಂಕಣಿಯ ‘ವಿಗಾರ್’ ಪೋರ್ಚುಗೀಸಿನ ದಾರಿಯಿಂದ ಬಂದ, ‘ವಿಕರ್’ ಪದದ ಸೋದರನೇ ಆದರೂ ಇದೇ ಕಾರಣಕ್ಕೆ ಅದನ್ನು ಕೈಬಿಟ್ಟಿದ್ದೇನೆ. ಪ್ರೊಟೆಸ್ಟೆಂಟ್ ಸಭೆಗಳ ‘ಸಭಾಪಾಲಕ’ ಅರ್ಥಕ್ಕೆ ಹತ್ತಿರವಾದರೂ, ಹೊರಗಿನ ಓದುಗರಿಗೆ ವಿಧಾನಸಭೆಯನ್ನು ನೆನಪಿಸೀತೆಂಬ ಅಂಜಿಕೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮನೆಗಳಿಗೆ ‘ಮಿಶನ್ ಬಂಗಲೆ’ ಎಂಬ ಹೆಸರಿದೆ. ಅದರಲ್ಲಿ ಹುದ್ದೆಯ ಮನೆ ಎಂಬ ಭಾವ ಸರಿಯಾಗಿಯೇ ಇದೆ, ಆದರೆ ಇಂಗ್ಲೆಂಡಿನ ಹಳ್ಳಿಯಲ್ಲಿ ‘ಮಿಶನ್’ ಎಲ್ಲಿಂದ ಬಂತು ಎಂದು ಓದುಗರು ಕೇಳುವುದು ಸಹಜ.

ಸದ್ಯಕ್ಕೆ ನನ್ನ ಒಲವು ‘ಹಳೇ ಪಾದ್ರಿಮನೆ’ ಎಂಬ ರೂಪದ ಕಡೆಗಿದೆ. ‘ಪಾದ್ರಿಮನೆ’ಯನ್ನು ಒಂದೇ ಪದವಾಗಿ, ‘ಅರಮನೆ’, ‘ಸೆರೆಮನೆ’ಗಳಂತೆ ಬಿಡಿಸದೆ ಬರೆದರೆ, ‘ಹಳೇ’ ಎಂಬುದು ಪಾದ್ರಿಗೆ ಅಂಟದೆ ಇಡೀ ಪದಕ್ಕೆ ಅನ್ವಯಿಸುತ್ತದೆ ಎಂಬುದು ನನ್ನ ಲೆಕ್ಕಾಚಾರ. ಈ ಸಮಾಸ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಮಂಗಳೂರು, ಧಾರವಾಡ, ಬೆಟಗೇರಿ, ಕೊಡಗಿನ ಕಡೆಯವರು, ಮುಖ್ಯವಾಗಿ ಕ್ರೈಸ್ತ ಮನೆತನಗಳಲ್ಲಿ ಬೆಳೆದವರು, ಸಂಸಾರವಂದಿಗ ಪಾದ್ರಿಯ ಮನೆಯನ್ನು ತಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೆಂದು ತಿಳಿಸಿದರೆ, ಮತ್ತು ಪಾದ್ರಿ ಬಿಟ್ಟುಹೋಗಿ ಬೇರೆಯವರು ಬಂದ ಮೇಲೂ ಆ ಹೆಸರು ಉಳಿದ ಉದಾಹರಣೆ ನಿಮ್ಮ ಊರಿನಲ್ಲಿದ್ದರೆ ಬರೆದರೆ, ಬಹಳ ಉಪಕಾರವಾಗುತ್ತದೆ.