ಟಪೆಟಾದಲ್ಲಿ ಗೆದ್ದ ಕುದುರೆಯನ್ನು ಹುಲ್ಲಿಗೆ ಇಳಿಸಬಹುದೇ?

ಇಪ್ಪತ್ತರಲ್ಲೊಂದು ಪಾಲು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಹನ್ನೊಂದು ವರ್ಷಗಳಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಇಪ್ಪತ್ತು ಜನ ಸೇರಿ ಕೊಂಡ ಒಂದು ಹೆಣ್ಣು ಕುದುರೆಯಲ್ಲಿ ನನ್ನದೂ ಒಂದು ಪಾಲಿದೆ. ಅದಕ್ಕೀಗ ಮೂರು ವರ್ಷ. ಈ ಚಳಿಗಾಲದಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ಟಪೆಟಾ ಎಂಬ ಕೃತಕ ನೆಲದ ಟ್ರ್ಯಾಕಿನಲ್ಲಿ, ಒಂದು ಮೈಲಿ ಚಿಲ್ಲರೆ ದೂರದ ಓಟಗಳಲ್ಲಿ ಮೂರು ಸಲ ಗೆದ್ದಿತು. ಕೊನೆಯ ಗೆಲುವಿನ ರಾತ್ರಿ ದೀಪಗಳ ಬೆಳಕಿನಲ್ಲಿ ಅದರ ಮೈಯಿಂದ ಹಬೆ ಏಳುತ್ತಿದ್ದುದನ್ನು ಬೇಲಿಯ ಪಕ್ಕದಲ್ಲೇ ನಿಂತು ನೋಡಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ತರಬೇತುದಾರರು ಮೇ ತಿಂಗಳಲ್ಲಿ ಅದನ್ನು ಹುಲ್ಲಿನ ಮೇಲೆ ಓಡಿಸೋಣ ಎನ್ನುತ್ತಿದ್ದಾರೆ. ಹಿಂದಿನ ಶರತ್ಕಾಲದಲ್ಲಿ ಹುಲ್ಲಿನ ಮೇಲೆ ಮೂರು ಸಲ ಓಡಿ ಒಮ್ಮೆಯೂ ಮೊದಲ ಆರರೊಳಗೆ ಬಂದಿರಲಿಲ್ಲ. ಹ್ಯಾಂಡಿಕ್ಯಾಪರ್ (ಓಟದಲ್ಲಿ ಯಾವ ಕುದುರೆ ಎಷ್ಟು ಭಾರ ಹೊರಬೇಕೆಂದು ಅಳೆಯುವ ಅಧಿಕಾರಿ) ಕೊಟ್ಟಿರುವ ರೇಟಿಂಗ್ ಕೂಡ ಎರಡು: ಹುಲ್ಲಿಗೆ 58, ಕೃತಕ ಟ್ರ್ಯಾಕಿಗೆ 71. ಪಾಲುದಾರರಲ್ಲಿ ಅರ್ಧದಷ್ಟು ಜನ, ಗೆಲ್ಲುತ್ತಿರುವ ಕುದುರೆಯನ್ನು ಏಕೆ ಕದಲಿಸಬೇಕು ಎಂದು ಹಟ ಹಿಡಿದಿದ್ದಾರೆ. ಭಾನುವಾರ ನಾನು ಮತ ಹಾಕಬೇಕು. ತಿಳಿದವರು ಹೇಳಿ: ಒಂದು ನೆಲದ ಕುದುರೆ ಇನ್ನೊಂದು ನೆಲದಲ್ಲಿ ಓಡುತ್ತದೆಯೇ?

ಔಟರ್ ಸ್ಯಾಂಡ್, ಬೆಂಗಳೂರು:

ಧಾರಾಳವಾಗಿ ಓಡಿಸಿ. ನಮ್ಮ ಬೆಂಗಳೂರಿನಲ್ಲಿ ಕುದುರೆಗಳು ದಿನವೂ ನೆಲ ಬದಲಿಸುತ್ತವೆ. ಬೆಳಗಿನ ಅಭ್ಯಾಸ ಮರಳಿನ ಮೇಲೆ, ಪಂದ್ಯ ಹುಲ್ಲಿನ ಮೇಲೆ. ಪತ್ರಿಕೆಯಲ್ಲಿ ಇನ್ನರ್ ಸ್ಯಾಂಡ್, ಔಟರ್ ಸ್ಯಾಂಡ್ ಎಂದು ಬರುವ ಸಮಯಗಳನ್ನು ನಲವತ್ತು ವರ್ಷಗಳಿಂದ ಓದುತ್ತಿದ್ದೇನೆ. ಮರಳಿನ ಮೇಲೆ ಚೆನ್ನಾಗಿ ಓಡಿದ್ದು ಹುಲ್ಲಿನ ಮೇಲೂ ಓಡುತ್ತದೆ. ತಾಕತ್ತಿರುವ ಕುದುರೆಗೆ ನೆಲದ ಹಂಗಿಲ್ಲ.

ಬೆಳಗಿನ ಸವಾರ, ನ್ಯೂಮಾರ್ಕೆಟ್:

ಹಿರಿಯರ ಮಾತಿಗೆ ಗೌರವ ಕೊಟ್ಟೇ ಒಂದು ತಿದ್ದುಪಡಿ ಹೇಳುತ್ತೇನೆ. ನಮ್ಮ ತಂದೆ ಬೆಂಗಳೂರಿನ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಸೈಸ್ ಆಗಿದ್ದರು, ಆ ಮರಳಿನ ಟ್ರ್ಯಾಕಿನ ಅಂಚಿನಲ್ಲೇ ನಾನು ಬೆಳೆದೆ. ಆ ಮರಳೇ ಬೇರೆ, ಇಲ್ಲಿಯ ಕೃತಕ ನೆಲವೇ ಬೇರೆ. ಇಲ್ಲಿ ಮರಳಿಗೆ ನಾರು ಬೆರೆಸಿ, ಮೇಣ ಹಚ್ಚಿ ಹಾಸಿರುತ್ತಾರೆ. ಬಿಡಿ ಮರಳಿನಲ್ಲಿ ಗೊರಸು ಜಾರುತ್ತದೆ. ಮೇಣದ ಮರಳು ಗೊರಸನ್ನು ಹಿಡಿದು ನಿಲ್ಲಿಸುತ್ತದೆ, ಮಳೆ ಬಂದರೆ ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ.

ಒಂಬತ್ತು ವರ್ಷಗಳಿಂದ ದಿನಕ್ಕೆ ನಾಲ್ಕೈದು ಕುದುರೆಗಳನ್ನು ಇಲ್ಲಿ ಹತ್ತಿ ಇಳಿಯುತ್ತಿದ್ದೇನೆ. ಚಳಿಗಾಲವೆಲ್ಲ ವಾರೆನ್ ಹಿಲ್‌ನ ಪಾಲಿಟ್ರ್ಯಾಕ್ (ಟಪೆಟಾದಂಥದೇ ಕೃತಕ ನೆಲ) ಮೇಲೆ, ಬೇಸಿಗೆಯಲ್ಲಿ ಲೈಮ್‌ಕಿಲ್ನ್ಸ್ ಹುಲ್ಲಿನ ಮೇಲೆ. ಕಣ್ಣು ಮುಚ್ಚಿಕೊಂಡು ಕೂತರೂ ಯಾವ ನೆಲವೆಂದು ಹೇಳಬಲ್ಲೆ. ಪಾಲಿಟ್ರ್ಯಾಕಿನಲ್ಲಿ ಗೊರಸಿನ ಸದ್ದು ಹತ್ತಿಯ ಮೂಟೆಗೆ ಗುದ್ದಿದಂತೆ ಮೆತ್ತಗಿರುತ್ತದೆ, ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ತದ್ರೂಪು. ಹುಲ್ಲಿನಲ್ಲಿ ಹಾಗಲ್ಲ. ಒಂದು ಹೆಜ್ಜೆ ಗಟ್ಟಿ, ಮುಂದಿನದು ಒಂದಿಷ್ಟು ಒಳಕ್ಕೆ ಹೋಗುತ್ತದೆ. ಕುದುರೆ ಕ್ಷಣಕ್ಷಣಕ್ಕೂ ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕು. ಮೊದಲ ಸಲ ಹುಲ್ಲಿಗೆ ಬಂದ ಕುದುರೆಯ ಭುಜ ಬಿಗಿಯುವುದು ನನ್ನ ಮೊಣಕಾಲಿಗೇ ಗೊತ್ತಾಗುತ್ತದೆ. ಕೆಲವು ಒಂದು ಫರ್ಲಾಂಗಿನಲ್ಲಿ ಸಡಿಲಗೊಳ್ಳುತ್ತವೆ. ಕೆಲವು ಕೊನೆಯವರೆಗೂ ಬಿಗಿದುಕೊಂಡೇ ಇರುತ್ತವೆ.

ಆದರೂ ಈ ಎರಡು ನೆಲಗಳು ದೂರದ ನೆಂಟರಲ್ಲ, ಅಕ್ಕಪಕ್ಕದ ಮನೆಯವರು. 2008ರ ಬ್ರೀಡರ್ಸ್ ಕಪ್ ಕ್ಲಾಸಿಕ್ ಪಂದ್ಯ ನೆನಪಿಸಿಕೊಳ್ಳಿ. ಅಮೆರಿಕದ ಸಾಂಟಾ ಅನಿಟಾದಲ್ಲಿ ಆಗ ಮಣ್ಣಿನ ಬದಲು ಪ್ರೋ-ರೈಡ್ ಎಂಬ ಕೃತಕ ನೆಲವಿತ್ತು. ಯುರೋಪಿನ ಹುಲ್ಲಿನಲ್ಲಿ ಹೆಸರು ಮಾಡಿದ ರೇವನ್ಸ್ ಪಾಸ್ ಮೊದಲು ಬಂತು, ಹೆನ್ರಿದನ್ಯಾವಿಗೇಟರ್ ಎರಡನೆಯದು. ಹಿಂದಿನ ವರ್ಷ ಇದೇ ಪಂದ್ಯವನ್ನು ಮಣ್ಣಿನ ಮೇಲೆ ಗೆದ್ದಿದ್ದ ಕರ್ಲಿನ್ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು.

ನಿಮ್ಮ ವುಲ್ವರ್‌ಹ್ಯಾಂಪ್ಟನ್‌ನದೇ ಉದಾಹರಣೆ ಬೇಕೆ? ಜ್ಯಾಕ್ ಹಾಬ್ಸ್ ಎಂಬ ಕುದುರೆ ತನ್ನ ಮೊದಲ ಓಟ ಓಡಿದ್ದು ಅಲ್ಲೇ, 2014ರ ಡಿಸೆಂಬರಿನಲ್ಲಿ. ಆರು ತಿಂಗಳಲ್ಲಿ ಎಪ್ಸಮ್ ಡರ್ಬಿಯಲ್ಲಿ ಎರಡನೆಯದಾಗಿ ಬಂದು, ಆಮೇಲೆ ಐರಿಷ್ ಡರ್ಬಿ ಗೆದ್ದಿತು. ಎನೇಬಲ್ ಎಂಬ ಹೆಣ್ಣು ಕುದುರೆ ಮೊದಲು ಓಡಿದ್ದು ನ್ಯೂಕಾಸಲ್‌ನ ಟಪೆಟಾದಲ್ಲಿ. 2018ರಲ್ಲಿ ಗಾಯದಿಂದ ಚೇತರಿಸಿಕೊಂಡು ಸೆಪ್ಟೆಂಬರಿನಲ್ಲಿ ಕೆಂಪ್ಟನ್‌ನ ಪಾಲಿಟ್ರ್ಯಾಕ್ ಮೇಲೆ ಗೆದ್ದು, ಮರುತಿಂಗಳೇ ಪ್ಯಾರಿಸ್ಸಿನ ಲಾಂಗ್‌ಶಾಂಪ್ ಹುಲ್ಲಿನಲ್ಲಿ ಯುರೋಪಿನ ದೊಡ್ಡ ಪಂದ್ಯವಾದ ಆರ್ಕ್‌ನ ಪ್ರಶಸ್ತಿಯನ್ನು ಎರಡನೆಯ ಸಲ ಎತ್ತಿಕೊಂಡಿತು. ಆ ಕುದುರೆಯ ಮೇಲೆ ನನಗೆ ಭಕ್ತಿಯೇ ಇದೆ ಎಂದರೆ ತಪ್ಪಲ್ಲ.

ಇವು ದೊಡ್ಡ ಕುದುರೆಗಳ ಕಥೆ, ನಿಮ್ಮದಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ನನಗೆ ಬೇಕಾದ ವಿವರವನ್ನು ನೀವು ಬರೆದೇ ಇಲ್ಲ. ಆ ಮೂರು ಓಟಗಳ ದಿನ ನೆಲದ ಹದ ಹೇಗಿತ್ತು? ಹುಲ್ಲು ಎಂಬುದು ಒಂದೇ ನೆಲವಲ್ಲ. ಜೂನ್ ತಿಂಗಳ ಗಟ್ಟಿ ಹುಲ್ಲಿಗೂ ಅಕ್ಟೋಬರಿನ ಕೆಸರು ಹುಲ್ಲಿಗೂ ಇರುವಷ್ಟು ಅಂತರ, ಒಳ್ಳೆಯ ಹದದ ಹುಲ್ಲಿಗೂ ಟಪೆಟಾಕ್ಕೂ ಇಲ್ಲ. ಇನ್ನೊಂದು: ಓಡುವಾಗ ಅದು ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತದೆಯೋ, ನೆಲ ಸವರಿಕೊಂಡು ಹೋಗುತ್ತದೆಯೋ?

ಇಪ್ಪತ್ತರಲ್ಲೊಂದು ಪಾಲು:

ಹಳೆಯ ಫಲಿತಾಂಶಗಳನ್ನು ತೆಗೆದು ನೋಡಿದೆ. ಮೂರೂ ಓಟಗಳು ಐದು ವಾರಗಳ ಒಳಗೆ ನಡೆದಿವೆ. ಎರಡು ದಿನ ಮೆತ್ತಗಿನ ನೆಲ, ಒಂದು ದಿನ ಪೂರ್ತಿ ಕೆಸರು. ವಿಡಿಯೊವನ್ನು ನಿಧಾನಗೊಳಿಸಿ ನೋಡಿದರೆ ಕಾಲು ಹೆಚ್ಚು ಎತ್ತುವುದಿಲ್ಲ, ಮುಂಗಾಲನ್ನು ನೀಳವಾಗಿ ಚಾಚಿ ನೆಲಕ್ಕೆ ಹತ್ತಿರವಾಗಿಯೇ ಹೋಗುತ್ತದೆ. ಇದು ಒಳ್ಳೆಯದೋ, ಕೆಟ್ಟದ್ದೋ?

ಔಟರ್ ಸ್ಯಾಂಡ್, ಬೆಂಗಳೂರು:

ಸವಾರರು ಹೇಳಿದ್ದನ್ನು ಒಪ್ಪುತ್ತೇನೆ. ಮಳೆಗಾಲದ ಮೈಸೂರಿನಲ್ಲಿ ಇದನ್ನೇ ಎಷ್ಟೋ ಸಲ ಕಂಡಿದ್ದೇನೆ. ಬೆಂಗಳೂರಿನ ಒಣ ಹುಲ್ಲಿನಲ್ಲಿ ಗೆದ್ದು ಹೋದದ್ದು ಅಲ್ಲಿ ಕಾಲು ಕೀಳಲಾರದೆ ಹಿಂದೆ ಬೀಳುತ್ತದೆ. ಅದಕ್ಕೇ ನೆಲದ ಮೆದುತನ ಅಳೆಯುವ ಪೆನೆಟ್ರೊಮೀಟರ್ ಅಂಕಿ ನೋಡದೆ ನಾನು ಯಾವ ಕುದುರೆಯ ಬಗ್ಗೆಯೂ ಮಾತನಾಡುವುದಿಲ್ಲ. ಮೊದಲ ಉತ್ತರ ಬರೆಯುವಾಗ ಅದನ್ನು ಮರೆತೆ.

ಬೆಳಗಿನ ಸವಾರ, ನ್ಯೂಮಾರ್ಕೆಟ್:

ಹಾಗಾದರೆ ನನ್ನ ಮತ ನಿಮ್ಮ ತರಬೇತುದಾರರಿಗೆ. ನೆಲ ಸವರಿಕೊಂಡು ಓಡುವ ಕುದುರೆಗೆ ಕೆಸರಿನಿಂದ ಕಾಲು ಕಿತ್ತುಕೊಳ್ಳುವುದರಲ್ಲೇ ಶಕ್ತಿಯೆಲ್ಲ ಹೋಗುತ್ತದೆ. ನಿಮ್ಮ ಕುದುರೆಯನ್ನು ಸೋಲಿಸಿದ್ದು ಮಳೆ, ಹುಲ್ಲಲ್ಲ. ಆ 58 ಬಂದಿರುವುದು ಕೆಸರಿನ ಓಟಗಳಿಂದ. ರೇಟಿಂಗಿನ ಒಂದು ಅಂಕಕ್ಕೆ ಬೆನ್ನ ಮೇಲೆ ಒಂದು ಪೌಂಡ್ ಲೆಕ್ಕ. 71ಕ್ಕೂ 58ಕ್ಕೂ ಹದಿಮೂರು ಅಂಕದ ಅಂತರ; ಹದಿಮೂರು ಪೌಂಡ್ ಎಂದರೆ ಸುಮಾರು ಆರು ಕಿಲೋ ಹಗುರ. ಒಳ್ಳೆಯ ಹದದ ನೆಲದಲ್ಲಿ ಚಳಿಗಾಲದ ಓಟವನ್ನೇ ಓಡಿದರೆ ಅದು ದೊಡ್ಡ ಅನುಕೂಲ. ಒಮ್ಮೆ ಗೆದ್ದರೆ ಹ್ಯಾಂಡಿಕ್ಯಾಪರ್ ಏರಿಸಿಬಿಡುತ್ತಾರೆ, ಆದ್ದರಿಂದ ಮೊದಲ ಓಟವನ್ನು ಎಚ್ಚರದಿಂದ ಆರಿಸಿ.

ಏರಿಳಿತದ ಟ್ರ್ಯಾಕುಗಳಾದ ಎಪ್ಸಮ್, ಬ್ರೈಟನ್, ಗುಡ್‌ವುಡ್ ಬೇಡ. ವುಲ್ವರ್‌ಹ್ಯಾಂಪ್ಟನ್ ಸಮತಟ್ಟಾದ ಎಡಸುತ್ತಿನ ಟ್ರ್ಯಾಕ್; ಅಲ್ಲಷ್ಟೇ ಗೆದ್ದಿರುವ ಕುದುರೆಗೆ ಬೇರೆ ನೆಲ, ಏರಿಳಿತ ಎರಡನ್ನೂ ಒಂದೇ ದಿನ ಕೊಟ್ಟರೆ ಸೋಲಿಗೆ ಕಾರಣ ಯಾವುದೆಂದೇ ತಿಳಿಯುವುದಿಲ್ಲ. ನಾಟಿಂಗ್‌ಹ್ಯಾಮ್ ನೋಡಿ. ಅದೂ ಎಡಸುತ್ತು, ಹೆಚ್ಚುಕಡಿಮೆ ಸಮತಟ್ಟು, ಒಂದು ಮೈಲಿ ಚಿಲ್ಲರೆಯ ಓಟ ಅಲ್ಲೂ ಇದೆ. ಹಿಂದಿನ ರಾತ್ರಿ ಜೋರು ಮಳೆ ಬಂದರೆ ಮುಲಾಜಿಲ್ಲದೆ ಹೆಸರು ವಾಪಸ್ ತೆಗೆಯಲು ಹೇಳಿ. ಅದಕ್ಕೆ ಮುಂಚೆ ಎರಡು ಬೆಳಿಗ್ಗೆಯಾದರೂ ಹುಲ್ಲಿನ ಮೇಲೆ ಅಭ್ಯಾಸ ಆಗಿರಲಿ, ಜೊತೆಗೆ ಒಂದು ಹಳೆಯ ಅನುಭವಸ್ಥ ಕುದುರೆಯೂ ಓಡಲಿ.

ಓಟದ ದಿನ ಎಷ್ಟನೆಯದಾಗಿ ಬಂತೆಂಬುದರ ಜೊತೆಗೆ ಮರುದಿನ ಬೆಳಿಗ್ಗೆ ಲಾಯಕ್ಕೆ ಫೋನ್ ಮಾಡಿ ಎರಡು ವಿಷಯ ಕೇಳಿ: ಮುಂಗಾಲಿನಲ್ಲಿ ಬಿಸಿ ಇದೆಯೇ, ರಾತ್ರಿಯ ಮೇವನ್ನು ಪೂರ್ತಿ ತಿಂದಿದೆಯೇ? ಉತ್ತರ ಏನು ಬಂತೆಂದು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.