ಕರ್ನಲ್ ಲಿಸ್ಟ್‌ಗೆ ಮೊದಲ ಪ್ಯಾಚ್: ಉತ್ತರವೇ ಇಲ್ಲ, ಮತ್ತೆ ಕಳಿಸಲಾ?

ಹಾಸನದ_ಹುಡುಗ:
ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸ್ಟೇಜಿಂಗ್ ಡ್ರೈವರ್ (ಇನ್ನೂ ಪೂರ್ತಿ ಹದಕ್ಕೆ ಬರದ ಡ್ರೈವರ್) ಒಂದಕ್ಕೆ ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಮಾಡಿ ಸೋಮವಾರ ಕರ್ನಲ್ ಮೇಲಿಂಗ್ ಲಿಸ್ಟ್‌ಗೆ ಕಳಿಸಿದೆ. ಇವತ್ತು ಶುಕ್ರವಾರ, ಯಾರೂ ತುಟಿ ಬಿಚ್ಚಿಲ್ಲ. ರೂಮ್‌ಮೇಟ್ "ಲಿನಕ್ಸ್ ಶುರುಮಾಡಿದ ಲೈನಸ್‌ಗೇ ಸಿಸಿ ಹಾಕು, ಆಗ ನೋಡ್ತಾರೆ" ಅಂತಾನೆ. ಹಾಕಲಾ? ಮೇಲ್ ಶುರುವಿನಲ್ಲಿ 'ರೆಸ್ಪೆಕ್ಟೆಡ್ ಸರ್' ಅಂತ ಬರೆದಿದ್ದೆ, ಸರಿ ತಾನೇ?

ಟ್ಯಾಬ್_ಎಂಟು:
ರೂಮ್‌ಮೇಟ್ ಮಾತು ಕೇಳಬೇಡಿ. ಯಾರಿಗೆ ಕಳಿಸಬೇಕು ಅಂತ ಗೆಟ್_ಮೇಂಟೇನರ್ ಸ್ಕ್ರಿಪ್ಟೇ ಹೇಳುತ್ತೆ, ಅಷ್ಟೇ ಜನ ಸಾಕು. ಇನ್ನು ಸೋಮವಾರದಿಂದ ಶುಕ್ರವಾರ ಅಂದ್ರೆ ಏನೂ ಅಲ್ಲ. ಕಡಿಮೆ ಅಂದ್ರೂ ಒಂದು ವಾರ ಸುಮ್ನಿರಿ. ಉತ್ತರಕ್ಕೆ ಎರಡು ಮೂರು ವಾರ ಹಿಡಿಯೋದು ಮಾಮೂಲಿ. ಹೊಸ ಆವೃತ್ತಿ ಬಿಡುಗಡೆ ಆದಮೇಲಿನ ಎರಡು ವಾರ ಮರ್ಜ್ ವಿಂಡೋ, ಅಂದ್ರೆ ಮುಂದಿನ ಆವೃತ್ತಿಗೆ ಬದಲಾವಣೆ ಸೇರಿಸಿಕೊಳ್ಳೋ ಹೊತ್ತು. ಆಗ ತುಂಬಾ ಮೇಂಟೇನರ್‌ಗಳು (ಒಂದೊಂದು ಭಾಗದ ಕೋಡ್ ನೋಡಿಕೊಳ್ಳೋರು) ಹೊಸ ಪ್ಯಾಚ್ ಮುಟ್ಟೋದಿಲ್ಲ.

'ಸರ್' ವಿಷಯಕ್ಕೆ ಬರೋಣ. ಅಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯೋದು, ಅದು ಅಗೌರವ ಅಲ್ಲ. ಆದ್ರೆ ತೊಂದರೆ ಬೇರೆ ಇದೆ. ನಿಮ್ಮ ಮೇಲ್ ಅವರಿಗೆ ಬರೀ ಪತ್ರ ಅಲ್ಲ, ಅದೇ ಪ್ಯಾಚು. 'ಗಿಟ್ ಎಎಂ' (ಮೇಲ್‌ನಿಂದ ಪ್ಯಾಚ್ ಹಾಕಿಕೊಳ್ಳೋ ಆಜ್ಞೆ) ಕೊಟ್ಟರೆ ಮೂರು ಅಡ್ಡಗೆರೆಗಿಂತ (---) ಮೇಲಿರೋದೆಲ್ಲ ಕಮಿಟ್ ಮೆಸೇಜ್ (ಬದಲಾವಣೆಯ ಜೊತೆ ಉಳಿಯೋ ವಿವರಣೆ) ಆಗುತ್ತೆ. ನಿಮ್ಮ 'ರೆಸ್ಪೆಕ್ಟೆಡ್ ಸರ್' ಕರ್ನಲ್ ಚರಿತ್ರೆಯಲ್ಲಿ ಶಾಶ್ವತವಾಗಿ ಕೂತುಬಿಡುತ್ತೆ! ಇಲ್ಲಾಂದ್ರೆ ಮೇಂಟೇನರ್ ಅದನ್ನ ಕೈಯಾರೆ ಅಳಿಸಬೇಕು. ನಮಸ್ಕಾರ, 'ಇದು ನನ್ನ ಮೊದಲ ಪ್ಯಾಚ್', ಎಲ್ಲಾ ಆ ಗೆರೆಗಳ ಕೆಳಗೆ ಬರೆಯಿರಿ, ಗಿಟ್ ಅದನ್ನ ಬಿಟ್ಟುಬಿಡುತ್ತೆ.

ಕಂಪೈಲ್_ಆಗ್ತಿಲ್ಲ:
ಜಿಮೇಲ್ ವೆಬ್‌ನಿಂದ ಕಳಿಸಿದ್ರಾ? ಹಾಗಿದ್ರೆ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿರುತ್ತವೆ, ಪ್ಯಾಚ್ ಕೂರೋದೇ ಇಲ್ಲ. 'ಗಿಟ್ ಸೆಂಡ್-ಇಮೇಲ್' ಬಳಸಿ. ಎಚ್‌ಟಿಎಂಎಲ್ ಮೇಲ್ ಆದ್ರಂತೂ ಕರ್ನಲ್ ಲಿಸ್ಟ್ ಸರ್ವರ್ ಬಾಗಿಲಲ್ಲೇ ತಳ್ಳುತ್ತೆ. ಲೋರ್ ಆರ್ಕೈವ್‌ನಲ್ಲಿ (ಲಿಸ್ಟ್ ಮೇಲ್‌ಗಳ ಆನ್‌ಲೈನ್ ಸಂಗ್ರಹ) ನಿಮ್ಮ ಮೇಲ್ ಕಾಣ್ತಿದೆಯಾ, ಮೊದಲು ನೋಡಿ.

ಹಾಸನದ_ಹುಡುಗ:
ಲೋರ್‌ನಲ್ಲಿ ಇದೆ. ಸೆಂಡ್-ಇಮೇಲ್‌ನಲ್ಲೇ ಕಳಿಸಿದ್ದು. ಈಗಷ್ಟೇ ಒಬ್ಬರ ಉತ್ತರ ಬಂತು! 'ಈ ಬದಲಾವಣೆ ಯಾಕೆ ಬೇಕು?' ಅಂತ ಒಂದೇ ಸಾಲು. ಕೋಪ ಬಂದಿದೆಯಾ?

ಟ್ಯಾಬ್_ಎಂಟು:
ಕೋಪ ಎಲ್ಲಿಂದ ಬಂತು ಮಾರಾಯ್ರೆ! ದಿನಕ್ಕೆ ರಾಶಿ ಪ್ಯಾಚ್ ಓದೋರು, ಒಂದೇ ಸಾಲು ಬರೀತಾರೆ. ಓದಿದ್ದಾರಲ್ಲ, ಅದೇ ಖುಷಿ ಪಡಿ. ಉತ್ತರ ಹೀಗೆ ಕೊಡಿ:

> ಈ ಬದಲಾವಣೆ ಯಾಕೆ ಬೇಕು?

ಇಲ್ಲಿ ಪಾಯಿಂಟರ್ ಖಾಲಿ ಇದ್ದಾಗ ಡ್ರೈವರ್ ಬೀಳುತ್ತೆ, ಅದಕ್ಕೆ.

ಅವರ ಸಾಲು ಮೇಲೆ, ನಿಮ್ಮ ಮಾತು ಅದರ ಕೆಳಗೆ, ಬೇಡದ್ದನ್ನ ಕತ್ತರಿಸಿ. ನಿಮ್ಮ ಉತ್ತರ ಎಲ್ಲಾ ಮೇಲಿಟ್ಟು ಕೆಳಗೆ ಹಳೇ ಮೇಲ್‌ನ ಉದ್ದದ ಬಾಲ ಬಿಡೋದು ಆಫೀಸ್ ಮೇಲ್ ಚಾಳಿ, ಇಲ್ಲಿ ನಡೆಯೋಲ್ಲ. ರಿಪ್ಲೈ-ಆಲ್ ಒತ್ತಿ, ಲಿಸ್ಟ್ ಬಿಟ್ಟು ಅವರೊಬ್ಬರಿಗೇ ಬರೆಯಬೇಡಿ. ಅವರು ಕೇಳಿದ ಕಾರಣ ಕಮಿಟ್ ಮೆಸೇಜ್‌ನಲ್ಲೂ ಇರಲಿ. ಅದೇ ಅವರು ಕೇಳ್ತಿರೋದು, ನನ್ನ ಪ್ರಕಾರ.

ಹಾಸನದ_ಹುಡುಗ:
ಹಾಗಾದ್ರೆ ವಿ2 (ತಿದ್ದಿದ ಎರಡನೇ ಆವೃತ್ತಿ) ಈಗಲೇ ಕಳಿಸಲಾ? ಹಳೇ ಮೇಲ್‌ಗೆ ರಿಪ್ಲೈ ಆಗಿಯಾ?

ಟ್ಯಾಬ್_ಎಂಟು:
ಬೇಡ, ಬೇರೆಯದಾಗಿ ಕಳಿಸಿ. ಗೆರೆಗಳ ಕೆಳಗೆ ವಿ1ರಿಂದ ಏನು ಬದಲಾಯ್ತು ಅಂತ ಬರೆದು ಲೋರ್ ಲಿಂಕ್ ಹಾಕಿ. ಇವತ್ತೇ ಬೇಡ, ಇನ್ನೊಬ್ಬರೂ ಏನಾದ್ರೂ ಹೇಳಬಹುದು. ಚೆಕ್‌ಪ್ಯಾಚ್ (ಪ್ಯಾಚ್‌ನ ಶೈಲಿ ತಪ್ಪು ಹಿಡಿಯೋ ಸ್ಕ್ರಿಪ್ಟ್) ಓಡಿಸೋದು ಮರೀಬೇಡಿ.