ಗೋದಾಮಿನ ಟಾರ್ಗೆಟ್, ಸೊಂಟ ನೋವು, ಯೂನಿಯನ್: ಸುರಕ್ಷತಾ ಎಂಜಿನಿಯರ್‌ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಮೇಡಂ. ದೊಡ್ಡ ಗೋದಾಮಿನಲ್ಲಿ ಪಿಕಿಂಗ್ ಕೆಲಸ ನನ್ನದು. ಹತ್ತು ಗಂಟೆ ಶಿಫ್ಟ್. ಕೈಯಲ್ಲಿ ಸ್ಕ್ಯಾನರ್, ಅದರಲ್ಲೇ ಟಾರ್ಗೆಟ್ ಓಡುತ್ತಿರುತ್ತದೆ. ನಿಮಿಷಕ್ಕೆ ಐದಾರು ಪೆಟ್ಟಿಗೆ ಎತ್ತಿ ಟ್ರಾಲಿಗೆ ಹಾಕಬೇಕು. ಪೆಟ್ಟಿಗೆ ಹೆಚ್ಚೆಂದರೆ ಎಂಟು ಕಿಲೋ. ಈಗ ಸೊಂಟ ಹಿಡಿದುಕೊಂಡಿದೆ. ಸೂಪರ್‌ವೈಸರ್ ಹತ್ತಿರ ಹೇಳಿದರೆ, ‘ಮಂಡಿ ಬಗ್ಗಿಸಿ ಎತ್ತೋಕೆ ಟ್ರೇನಿಂಗ್ ಕೊಟ್ಟಿದ್ದೀವಲ್ಲ, ನೀನೇ ಸರಿಯಾಗಿ ಎತ್ತುತ್ತಿಲ್ಲ’ ಅನ್ನುತ್ತಾರೆ. ತಪ್ಪು ನನ್ನದೇನಾ?

ಉತ್ತರ: ಎಂಟು ಕಿಲೋ ಅಂದರೆ ಕೇಳಿದವರಿಗೆ ‘ಅಷ್ಟೇನಾ’ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ನೈಯಾಶ್ ಎಂಬ ಸರ್ಕಾರಿ ಸಂಸ್ಥೆ ಇದೆ. ಭಾರ ಎತ್ತುವುದಕ್ಕೆ ಅದು 1991ರಲ್ಲಿ ಪರಿಷ್ಕರಿಸಿದ ಸೂತ್ರವನ್ನೇ ನಮ್ಮ ಕಸುಬಿನವರು ಇವತ್ತಿಗೂ ಬಳಸುತ್ತೇವೆ. ಎಷ್ಟು ಭಾರದ ತನಕ ಎತ್ತಬಹುದು ಅನ್ನುವ ಲೆಕ್ಕ ಶುರುವಾಗುವುದು 23 ಕಿಲೋದಿಂದ. ಆದರೆ ಅದು ಎಲ್ಲವೂ ಅನುಕೂಲವಾಗಿದ್ದಾಗ ಮಾತ್ರ. ಅಂದರೆ ಪೆಟ್ಟಿಗೆ ಮೈಗೆ ಹತ್ತಿರ ಇರಬೇಕು, ಸೊಂಟ ತಿರುಚಬಾರದು, ಹಿಡಿತ ಚೆನ್ನಾಗಿರಬೇಕು, ಆಗೊಮ್ಮೆ ಈಗೊಮ್ಮೆ ಎತ್ತಬೇಕು. ಇದರಲ್ಲಿ ಯಾವುದು ತಪ್ಪಿದರೂ 23 ಕರಗುತ್ತಾ ಹೋಗುತ್ತದೆ.

ನಿಮ್ಮದನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ ಆರು ಸಲ, ಎರಡು ಗಂಟೆಗಿಂತ ಜಾಸ್ತಿ ಹೊತ್ತು ಎತ್ತಿದರೆ 0.27ರಿಂದ ಗುಣಿಸಬೇಕು. ಉಳಿಯುವುದು ಆರು ಕಿಲೋ ಚಿಲ್ಲರೆ. ಪೆಟ್ಟಿಗೆ ರ‍್ಯಾಕ್‌ನ ಒಳಗೆ ಹಿಂದೆ ಇದ್ದು, ಕಾಲಿನ ಹರಡಿನಿಂದ ಕೈಗೆ 50 ಸೆಂಟಿಮೀಟರ್ ದೂರವಾದರೆ ಅದೂ ಅರ್ಧ. ಮೂರು ಕಿಲೋ! ಅದೂ ಈ ಲೆಕ್ಕ ಇರುವುದೇ ಎಂಟು ಗಂಟೆ ತನಕ, ನಿಮ್ಮ ಶಿಫ್ಟ್ ಹತ್ತು.

ಇನ್ನೊಂದು ವಿಷಯ. ಆ ಸೂತ್ರದಲ್ಲಿ ದೂರ, ಎತ್ತರ, ತಿರುವು, ಹಿಡಿತ, ಎಷ್ಟು ಸಲ ಎತ್ತುತ್ತೀರಿ ಎಲ್ಲಾ ಇವೆ. ಮಂಡಿ ಬಗ್ಗಿಸಿದಿರಾ ಇಲ್ಲವಾ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಎತ್ತುವ ಟ್ರೇನಿಂಗ್ ಒಂದರಿಂದಲೇ ಬೆನ್ನು ನೋವು ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆಯೂ ಸಿಕ್ಕಿಲ್ಲ. ಟ್ರೇನಿಂಗ್ ಬೇಡ ಅಂತಲ್ಲ. ಆದರೆ ಅದು ಅಗ್ಗ. ರ‍್ಯಾಕ್ ಎತ್ತರ ಬದಲಿಸುವುದು, ಟಾರ್ಗೆಟ್ ಇಳಿಸುವುದು ದುಬಾರಿ. ಹಾಗಾಗಿ ತಪ್ಪು ನಿಮ್ಮ ಮಂಡಿ ಮೇಲೆ ಬರುತ್ತದೆ.

ಡಾಕ್ಟರ್‌ಗೆ ತೋರಿಸಿ. ಯಾವ ಕೆಲಸ, ಎಷ್ಟು ಭಾರ, ಎಷ್ಟು ಹೊತ್ತು ಅಂತ ಅವರ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೀ ‘ಸೊಂಟ ನೋವು’ ಅಂತಿದ್ದರೆ ನಾಳೆ ಅದು ಮನೆಯಲ್ಲಿ ಬಂದ ನೋವಾಗಿಬಿಡುತ್ತದೆ.

ಪ್ರಶ್ನೆ: ಮೇಡಂ, ಇದೆಲ್ಲಾ ಸರಿ. ಆದರೆ ಟಾರ್ಗೆಟ್ ಇಳಿಸಿ ಅಂತ ಕೇಳೋದು ಯಾರು? ಕೇಳಿದವನ ಹೆಸರು ಮುಂದಿನ ವಾರದ ಶಿಫ್ಟ್ ಪಟ್ಟಿಯಲ್ಲಿ ಇರಲ್ಲ.

ಉತ್ತರ: ಯೂನಿಯನ್ ಬೇಕಾಗುವುದು ಇಲ್ಲೇ ನೋಡಿ. ಸಂಬಳವನ್ನಾದರೂ ಜಾಣ ಕೆಲಸಗಾರ ಒಬ್ಬನೇ ಮಾತಾಡಿ ಸ್ವಲ್ಪ ಜಾಸ್ತಿ ಮಾಡಿಸಿಕೊಳ್ಳಬಹುದು. ವೇಗವನ್ನು ಒಬ್ಬನಿಗೋಸ್ಕರ ಇಳಿಸುವುದಕ್ಕೆ ಆಗುವುದಿಲ್ಲ. ಒಂದೇ ಲೈನು, ಒಂದೇ ಸಾಫ್ಟ್‌ವೇರ್, ಎಲ್ಲರಿಗೂ ಒಂದೇ ಟಾರ್ಗೆಟ್. ಒಬ್ಬ ನಿಧಾನ ಮಾಡಿದರೆ ಅವನು ಸೋಮಾರಿ. ಇಡೀ ಶಿಫ್ಟ್ ಒಟ್ಟಿಗೆ ಕೇಳಿದಾಗ ಮಾತ್ರ ಅದು ಟಾರ್ಗೆಟ್ ಬಗ್ಗೆ ಮಾತಾಗುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. ಬ್ರಿಟನ್‌ನಲ್ಲಿ 1977ರ ನಿಯಮಗಳ ಪ್ರಕಾರ, ಕಂಪನಿ ಮಾನ್ಯ ಮಾಡಿದ ಯೂನಿಯನ್ ತನ್ನ ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸಬಹುದು. ಅವರು ಮೂರು ತಿಂಗಳಿಗೊಮ್ಮೆ ಕೆಲಸದ ಜಾಗ ತಪಾಸಣೆ ಮಾಡಬಹುದು. ಇದು ಹಕ್ಕು, ಮ್ಯಾನೇಜರ್ ಕೊಡುವ ಕೃಪೆ ಅಲ್ಲ. ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಅಲ್ಲಿ ದೊಡ್ಡ ಗೋದಾಮುಗಳಿಗೆ ಅಂತಲೇ ಒಂದು ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಟಾರ್ಗೆಟ್ ಎಷ್ಟು ಅಂತ ಬರಹದಲ್ಲಿ ಕೊಡಬೇಕು. ಊಟದ ಬಿಡುವು, ಶೌಚಾಲಯ ತಪ್ಪಿಸುವಂಥ ಟಾರ್ಗೆಟ್ ಇಡುವ ಹಾಗಿಲ್ಲ. ಟಾರ್ಗೆಟ್‌ನಿಂದ ಇಂಥ ತೊಂದರೆ ಆಗಿದೆ ಅನ್ನಿಸಿದರೆ ಕೆಲಸಗಾರ ತನ್ನ ಹಿಂದಿನ 90 ದಿನಗಳ ವೇಗದ ದಾಖಲೆ ಕೇಳಿ ಪಡೆಯಬಹುದು. ಈ ಕಾನೂನಿನ ಹಿಂದೆ ಯೂನಿಯನ್‌ಗಳ ಒತ್ತಡ ಇತ್ತು. ನಿಮ್ಮ ಸ್ಕ್ಯಾನರ್ ನಿಮ್ಮ ಬಗ್ಗೆ ಏನು ಬರೆದಿಟ್ಟಿದೆ ಅಂತ ನಿಮಗೇ ಗೊತ್ತಿಲ್ಲದಿರೋದು ವಿಚಿತ್ರ ಅಲ್ವಾ?

ಪ್ರಶ್ನೆ: ಯೂನಿಯನ್ ಅಂದರೆ ಚಂದಾ ವಸೂಲಿ, ಲೀಡರ್‌ಗಳ ರಾಜಕೀಯ. ಸುಮ್ನೆ ಹುಡುಗರಿಗೆ ಆಸೆ ಹುಟ್ಟಿಸಬೇಡಿ ಮೇಡಂ. ಅಮೆಜಾನ್‌ನಲ್ಲಿ ಗೆದ್ದು ಏನು ಕಡಿದು ಕಟ್ಟೆ ಹಾಕಿದರು?

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. 2022ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್ ಗೋದಾಮಿನಲ್ಲಿ ಯೂನಿಯನ್ ಪರ 2,654, ವಿರುದ್ಧ 2,131 ಮತ ಬಿತ್ತು. ಅಮೆರಿಕದಲ್ಲಿ ಅಮೆಜಾನ್ ಗೋದಾಮೊಂದರಲ್ಲಿ ಯೂನಿಯನ್ ಗೆದ್ದಿದ್ದು ಅದೇ ಮೊದಲು. ಕಂಪನಿ ಆ ಫಲಿತಾಂಶವನ್ನೇ ಒಪ್ಪಲಿಲ್ಲ. 2024ರಲ್ಲಿ ಗೆದ್ದ ಯೂನಿಯನ್‌ನವರು ಟೀಮ್‌ಸ್ಟರ್ಸ್ ಎಂಬ ದೊಡ್ಡ ಯೂನಿಯನ್ ಜೊತೆ ಸೇರಿದಾಗಲೂ ಕೈಯಲ್ಲಿ ಕಂಪನಿ ಜೊತೆಗಿನ ಒಪ್ಪಂದ ಇರಲಿಲ್ಲ. ಗೆದ್ದ ಮರುದಿನವೇ ಟಾರ್ಗೆಟ್ ಇಳಿಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಲೀಡರ್‌ಗಳ ವಿಷಯಕ್ಕೆ ಬಂದರೆ, ಸೇರುವ ಮೊದಲೇ ಕೇಳಿ. ಪದಾಧಿಕಾರಿಗಳನ್ನು ಯಾರು, ಎಷ್ಟು ವರ್ಷಕ್ಕೊಮ್ಮೆ ಆರಿಸುತ್ತಾರೆ? ಚಂದಾ ಲೆಕ್ಕ ಸದಸ್ಯರಿಗೆ ತೋರಿಸುತ್ತಾರಾ? ಸಮಿತಿಯಲ್ಲಿ ಪೆಟ್ಟಿಗೆ ಎತ್ತುವವರು ಎಷ್ಟು ಜನ ಇದ್ದಾರೆ? ಉತ್ತರ ಕೊಡಲು ತಡವರಿಸಿದರೆ ದೂರ ಇರಿ. ಆದರೆ ಕೆಟ್ಟ ಯೂನಿಯನ್ ಇದೆ ಅಂತ ಒಂಟಿಯಾಗಿ ಚೌಕಾಸಿ ಮಾಡುವುದು ಸುಲಭವಾಗುವುದಿಲ್ಲ.

ಪ್ರಶ್ನೆ: ನಾನು ಏಜೆನ್ಸಿ ಮೂಲಕ ಬಂದವಳು ಮೇಡಂ, ರಾತ್ರಿ ಪಾಳಿ. ಯೂನಿಯನ್ ನಮಗೂ ಆಗುತ್ತಾ? ಈಗಲೇ ಏನು ಮಾಡಬಹುದು?

ಉತ್ತರ: ಸಂಘ ಕಟ್ಟುವ, ಸೇರುವ ಹಕ್ಕಿನ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ ಒಪ್ಪಂದ ಇದೆ. ಸೇರಿದ್ದಕ್ಕೆ ಕೆಲಸದಿಂದ ತೆಗೆಯಬಾರದು ಅನ್ನುವುದು 1949ರದ್ದರಲ್ಲಿದೆ. ಎರಡರಲ್ಲೂ ಕಾಯಂ ನೌಕರರಿಗೆ ಮಾತ್ರ ಅಂತಿಲ್ಲ. ಆದರೆ ಆಯಾ ದೇಶದ ಕಾನೂನು ಬೇರೆ ಬೇರೆ, ನಾನು ಲಾಯರ್ ಅಲ್ಲ. ಏಜೆನ್ಸಿಯವರನ್ನು ಸೇರಿಸಿಕೊಳ್ಳುತ್ತೀರಾ ಅಂತ ಯೂನಿಯನ್‌ನವರನ್ನೇ ನೇರವಾಗಿ ಕೇಳಿ. ಅವರನ್ನು ಹೊರಗಿಟ್ಟ ಯೂನಿಯನ್ ಗೋದಾಮಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ.

ಈಗಲೇ ಮಾಡಬಹುದಾದ್ದು: ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಟಾರ್ಗೆಟ್, ಬಿಡುವು ಸಿಕ್ಕಿತಾ, ಎಲ್ಲಿ ನೋವು, ಯಾವ ರ‍್ಯಾಕ್ ಹತ್ತಿರ. ಪಕ್ಕದ ಲೈನಿನವರೂ ಬರೆಯಲಿ. ಕಂಪನಿಯ ಫೋನ್‌ನಲ್ಲಿ, ಕಂಪನಿಯ ಗ್ರೂಪ್‌ನಲ್ಲಿ ಮಾತ್ರ ಬೇಡ. ನಾಲ್ಕೈದು ಜನರ ಪುಸ್ತಕದಲ್ಲಿ ಒಂದೇ ರ‍್ಯಾಕ್ ನಂಬರ್ ಬಂದರೆ ಆ ಪುಟಗಳ ಫೋಟೊ ನನಗೆ ಕಳಿಸಿ, ಲೆಕ್ಕ ನಾನು ಹಾಕಿಕೊಡುತ್ತೇನೆ.